ಗುರುಸಿದ್ದಮ್ಮನವರ ಪಾಲಿಗೆ ಬಂದ ಪುಟಗಳು

ಯಳಂದೂರಿನ ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಕಾದಂಬರಿ ಚರ್ಚೆಗೆ ಕೂಡುತ್ತಿದ್ದವರು ಗ್ರಂಥಪಾಲಕನೂ ಸೇರಿ ನಾಲ್ಕೇ ಜನ. ಆದರೆ ಯಾವ ಕಾದಂಬರಿಯಾದರೂ ಅಲ್ಲಿದ್ದದ್ದು ಒಂದೇ ಪ್ರತಿ. ಸರದಿಯಲ್ಲಿ ಎಲ್ಲರೂ ಓದಿ ಮುಗಿಸುವಷ್ಟರಲ್ಲಿ ಮೊದಲು ಓದಿದವರಿಗೆ ಕಥೆಯೇ ಮರೆತಿರುತ್ತಿತ್ತು. ಅದಕ್ಕೆ ಗ್ರಂಥಪಾಲಕ ಕೆಂಚಯ್ಯ ಒಂದು ಉಪಾಯ ಹುಡುಕಿದ್ದ. ಹೊಲಿಗೆ ಬಿಟ್ಟ ಪುಸ್ತಕವನ್ನು ಬೈಂಡಿಗೆ ಕಳಿಸುವ ಮೊದಲು ನಾಲ್ಕು ಭಾಗ ಮಾಡಿ, ಚೀಟಿ ಎತ್ತಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಮುಂದಿನ ವಾರ ಎಲ್ಲರೂ ತಮ್ಮ ಪಾಲಿನ ಕಥೆಯನ್ನು ಬಾಯಲ್ಲಿ ಹೇಳಬೇಕು. ಒಬ್ಬರ ಪಾಲನ್ನು ಇನ್ನೊಬ್ಬರು ಮುಂಚೆ ಓದುವ ಹಾಗಿಲ್ಲ, ಕೆಂಚಯ್ಯನೂ ಸೇರಿ.

ಎಪ್ಪತ್ತೆರಡರ ಆ ಮಾಘದಲ್ಲಿ ಕೊನೆಯ ಭಾಗದ ಚೀಟಿ ಬಂದದ್ದು ಪ್ರೈಮರಿ ಸ್ಕೂಲಿನ ಗುರುಸಿದ್ದಮ್ಮ ಮೇಡಂಗೆ.

ಮಂಗಳವಾರ ಓದಿದರು, ಆಮೇಲೆ ಅನ್ನ ಸೇರಲಿಲ್ಲ. ಆ ಪುಟಗಳಲ್ಲಿ, ಗಂಡನ ಹೊಡೆತ ತಾಳದೆ ಓಡಿಬಂದ ಹುಡುಗಿ ದೀಪ ಹಚ್ಚುವ ಹೊತ್ತಿಗೆ ತವರಿನ ಬಾಗಿಲು ತಟ್ಟುತ್ತಾಳೆ. ತಾಯಿ ತೆಗೆಯುವುದಿಲ್ಲ. ಹುಡುಗಿ ಕೆರೆಗೆ ಬೀಳುತ್ತಾಳೆ. ಮೂರು ವರ್ಷದ ಹಿಂದೆ ಗುರುಸಿದ್ದಮ್ಮನವರ ಮಗಳು ಚನ್ನಮಲ್ಲಿ ಗಂಡನ ಊರು ಮಧುವನಹಳ್ಳಿಯಿಂದ ಹೀಗೇ ಬಂದಿದ್ದಳು. ಎರಡು ಸಲ ಬುದ್ಧಿ ಹೇಳಿ ವಾಪಸು ಕಳಿಸಿದ್ದರು. ಮೂರನೆಯ ಸಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಯಜಮಾನರು ಪಡಸಾಲೆಯಲ್ಲಿ ಕೂತೇ ತೀರ್ಪು ಕೊಟ್ಟರು. ಬಾಗಿಲು ತೆರೆಯಲಿಲ್ಲ. ಬೆಳಗ್ಗೆ ಮಗಳು ಬಾವಿಯಲ್ಲಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದು ತಾಯಿಯೇ ಹೇಳಿದರು, ಊರು ನಂಬಿತು. ಯಜಮಾನರೂ ಹೋದ ಮೇಲೆ ಆ ಸಂಜೆಯ ಸತ್ಯ ಗೊತ್ತಿದ್ದದ್ದು ಈಯಮ್ಮ ಒಬ್ಬರಿಗೇ. ಈಗ ತನ್ನ ಬಾಯಿಂದಲೇ ಇನ್ನೊಂದು ಹುಡುಗಿಯನ್ನು ನೀರಿಗೆ ನೂಕಬೇಕಲ್ಲ ಎಂದು ಅವರಿಗೆ ಸಂಕಟ. ಹೇಳುವಾಗ ದನಿ ನಡುಗಿದರೆ ಊರೆಲ್ಲ ತಿಳಿಯುತ್ತದೆಂಬ ಭಯ ಬೇರೆ.

ಭಾನುವಾರ ಅವರ ಸರದಿ ಬಂದಾಗ, ತಾಯಿ ಬಾಗಿಲು ತೆಗೆದಳು ಎಂದುಬಿಟ್ಟರು. ಬಿಸಿ ಮುದ್ದೆ ಇಕ್ಕಿದಳಂತೆ, ಮಗಳನ್ನು ಪಕ್ಕದಲ್ಲೇ ಮಲಗಿಸಿಕೊಂಡಳಂತೆ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ಅವರಿಗೇ ಆಶ್ಚರ್ಯ. ಒಂದು ಗಳಿಗೆ ಎದೆ ಹಗುರಾಯಿತು ಕೂಡ.

ಕೆಂಪನಂಜಪ್ಪನವರು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೆಡ್‌ಮಾಸ್ಟರಿಕೆಯಿಂದ ನಿವೃತ್ತರಾಗಿ ಆರು ವರ್ಷ, ಬೆತ್ತ ಬಿಟ್ಟಿದ್ದರೂ ಗತ್ತು ಬಿಟ್ಟಿರಲಿಲ್ಲ. ಈ ಮುಕ್ತಾಯ ಅಪ್ಪಟ ಸುಳ್ಳು, ನಮ್ಮ ಸೀಮೆಯ ಯಾವ ತಾಯಿಯೂ ಗಂಡನ ಮಾತು ಮೀರಿ ಬಾಗಿಲು ತೆಗೆಯುವುದಿಲ್ಲ, ಬರೆದವನಿಗೆ ಧೈರ್ಯ ಸಾಲದು ಎಂದು ವಾದಕ್ಕಿಳಿದರು. ಬಾಗಿಲು ತೆಗೆದವಳನ್ನು ಹೊಗಳುತ್ತಿದ್ದ ಆಸ್ಪತ್ರೆಯ ನರ್ಸ್ ಶಂಕರಮ್ಮನಿಗೆ ರೇಗಿತು.

"ಮಗಳು ಆಚೆ ನಿಂತು ಕೂಗ್ತಿದ್ರೂ ತಗೀದೆ ಇರೋಳು ತಾಯಾ ಸಾ?"

ಇಬ್ಬರೂ ತೀರ್ಪಿಗಾಗಿ ಗುರುಸಿದ್ದಮ್ಮನವರತ್ತ ತಿರುಗಿದರು. ಪುಟಗಳು ಅವರ ಮಡಿಲಲ್ಲೇ ಇದ್ದವು. ಹೊಗಳಿಕೆ ಇನ್ಯಾವುದೋ ತಾಯಿಗೆ ಸಲ್ಲುತ್ತಿತ್ತು, ಬೈಗುಳ ಮಾತ್ರ ನೇರ ಇವರಿಗೆ. ಅದನ್ನು ತಡೆದುಕೊಂಡು ಕೂರುವುದು ಅವರಿಂದ ಆಗಲಿಲ್ಲ.

"ತಗೀನಿಲ್ಲ," ಎಂದರು. "ನಾನು ಸುಳ್ಳೇಳ್ದೆ. ಅವಳು ಬಾಗ್ಲು ತಗೀನಿಲ್ಲ, ಮಗಳು ನೀರಿಗೆ ಬಿದ್ಲು."

ಕೆಂಪನಂಜಪ್ಪನವರು ಗೆದ್ದವರಂತೆ ಮೇಜು ಕುಟ್ಟಿದರು. ಕೆಂಚಯ್ಯ ಪುಟ ಇಸಿದುಕೊಂಡು ಕಣ್ಣಾಡಿಸಿ ಹೌದೆಂದು ತಲೆಯಾಡಿಸಿದ.

"ಒಳಗೆ ಏನ್ ಮಾಡ್ತಾ ಕೂತಿದ್ಲಂತೆ ಆ ಪುಣ್ಯಾತ್ಗಿತ್ತಿ?" ಶಂಕರಮ್ಮ ಕೇಳಿದಳು.

"ಕೂತಿರ್ನಿಲ್ಲ ಕಣವ್ವ. ಬಾಗ್ಲಿಗೆ ಆತ್ಕಂಡು ನಿಂತಿದ್ಲು. ಚಿಲಕದ ಮ್ಯಾಲೇ ಕೈ ಇತ್ತು. ಆಚೆ ಅವಳು ಉಸ್ರಾಡದು ಕೇಳ್ತಿತ್ತು."

ಕೆಂಚಯ್ಯ ಬೆರಳಿಗೆ ಎಂಜಲು ಹಚ್ಚಿಕೊಂಡು ಎರಡು ಸಲ ಹಿಂದೆ ಮುಂದೆ ತಿರುವಿದ.

"ಚಿಲಕದ ಮಾತು ಇಲ್ಲೆಲ್ಲೂ ಇಲ್ವಲ್ಲ ಮೇಡಂ."

ಶಂಕರಮ್ಮ ಪುಟ ನೋಡಲಿಲ್ಲ, ಗುರುಸಿದ್ದಮ್ಮನವರ ಮುಖ ನೋಡಿದಳು. ಮೂರು ವರ್ಷದ ಹಿಂದೆ ಬಾವಿಯಿಂದ ಎತ್ತಿ ಆಸ್ಪತ್ರೆಗೆ ತಂದ ಚನ್ನಮಲ್ಲಿಯ ಮೈ ಒರೆಸಿದ್ದವಳು ಅವಳೇ. ಎದ್ದು, ತನ್ನ ಕುರ್ಚಿಯನ್ನು ಮೇಡಂ ಪಕ್ಕದಿಂದ ಎಳೆದುಕೊಂಡು ಹೋಗಿ ಕೆಂಚಯ್ಯನ ಆಚೆ ಬದಿಗೆ ಹಾಕಿಕೊಂಡು ಕೂತಳು.