ಒಂದು ಸಂಜೆಯ ಬೇಸ್ ವಾದಕ

ಆರ್ಚೀ ಪೆಂಡಲ್ ಬ್ಲೂಸ್ ಗಿಟಾರ್ ಹಿಡಿದು ಅರವತ್ತು ವರ್ಷವಾಗಿತ್ತು. ಇಂಗ್ಲೆಂಡಿನ ಪಬ್ಬುಗಳಲ್ಲಿ ಶುರುಮಾಡಿ, ಒಂದು ಕಾಲಕ್ಕೆ ಮೈದಾನಗಳನ್ನೇ ತುಂಬಿಸಿ, ಈಗ ಮತ್ತೆ ಸಣ್ಣ ಸಭಾಂಗಣಗಳಿಗೆ ಬಂದು ನಿಂತಿದ್ದರು. ತಂಡ ಕಟ್ಟಿಕೊಂಡು ಅಲೆಯುವ ತಾಕತ್ತು ಉಳಿದಿರಲಿಲ್ಲ. ಗಿಟಾರ್ ಒಂದನ್ನೇ ಹೊತ್ತು ಬರುವುದು, ಆಯಾ ಊರಲ್ಲಿ ಸಿಕ್ಕವರನ್ನು ಜೊತೆಗೆ ನಿಲ್ಲಿಸಿಕೊಂಡು ನುಡಿಸುವುದು, ಮರುದಿನ ಮುಂದಿನ ಊರು. ಸಿಯಾಟಲ್‌ನಲ್ಲಿ ಹಾಗೆ ಸಿಕ್ಕವರು ಪಕ್ಕದ ರೆಡ್ಮಂಡ್‌ನ ಒಂದೇ ಆಫೀಸಿನ ಇಬ್ಬರು: ಡ್ರಮ್ಸ್‌ಗೆ ಬೆಂಗಳೂರಿನ ಚೇತನ್, ಬೇಸ್ ಗಿಟಾರಿಗೆ ಮಂಗಳೂರಿನ ವಲೇರಿಯನ್.

ಚೇತನ್ ಹಾಯಾಗಿದ್ದ. ವಲೇರಿಯನ್‌ಗೆ ಮಾತ್ರ ಬೆಳಗಿನಿಂದ ಒಂದು ತುತ್ತೂ ಇಳಿದಿರಲಿಲ್ಲ. ಊರಿನ ಇಗರ್ಜಿಯ ಗಾಯನತಂಡದಲ್ಲಿ ಬೇಸ್ ಕಲಿಯುವಾಗಿನಿಂದ ಆರ್ಚೀಯ ರೆಕಾರ್ಡುಗಳೇ ಅವನ ಗುರು. ಆ ಗುರುವೋ ಮಹಾ ಮುಂಗೋಪಿ, ಹಿಡಿಸದಿದ್ದರೆ ರಿಹರ್ಸಲ್‌ನಲ್ಲೇ ಮನೆಗೆ ಅಟ್ಟುತ್ತಾರೆ ಎಂದು ಸುದ್ದಿ. ಅತ್ತ ಹೆಂಡತಿ ಮೇರಿ ತಾವಿದ್ದ ಈಸ್ಟ್‌ಗೇಟ್ ಬಡಾವಣೆಯ ಅರ್ಧ ಜನರಿಗೆ ಟಿಕೆಟ್ ಕೊಳ್ಳಿಸಿ ಕೂತಿದ್ದಳು.

“ಕಳಿಸಿದ್ರೆ ಎಂತ ಮಾಡುದು ಮಾರಾಯ?” ಎಂದು ವಲೇರಿಯನ್ ಕಾರಿನಲ್ಲಿ ಗೋಳಾಡಿದ.

“ಕಳಿಸಿದ್ರೆ ಮುಂದಿನ ಸೀಟಲ್ಲಿ ಕೂತು ಕೇಳು. ಈಗ ಸುಮ್ನೆ ಡ್ರೈವ್ ಮಾಡು ಗುರೂ” ಎಂದ ಚೇತನ್.

ರಿಹರ್ಸಲ್‌ನಲ್ಲಿ ಮೊದಲ ಹಾಡುಗಳು ಹೇಗೋ ದಾಟಿದವು. ಆಮೇಲೆ ಬಂತು, ಆರ್ಚೀಗೆ ಹೆಸರು ತಂದ ಆ ಹಳೆಯ ಹಾಡು. ನಡುವೆ ಎಲ್ಲರೂ ಕ್ಷಣ ನಿಲ್ಲಿಸಿ ಮತ್ತೆ ಒಟ್ಟಿಗೆ ಎತ್ತಿಕೊಳ್ಳುವ ಜಾಗದಲ್ಲಿ, ರೆಕಾರ್ಡಿನಲ್ಲಿ ಬೇಸ್ ಕೊಂಚ ತಡವಾಗಿ, ಎಡವಿದಂತೆ ಬರುತ್ತದೆ. ಹಾಡು ಇರುವುದೇ ಹಾಗೆ ಎಂದು ಕಲಿತಿದ್ದ ವಲೇರಿಯನ್ ಹಾಗೇ ಎಡವಿದ.

ಆರ್ಚೀ ನುಡಿಸುವುದನ್ನು ನಿಲ್ಲಿಸಿಬಿಟ್ಟರು.

“ಏನದು?” ಎಂದು ಇಂಗ್ಲಿಷಿನಲ್ಲಿ ಗದರಿದರು.

“ರೆಕಾರ್ಡಿನಲ್ಲಿ ಇರೋ ಹಾಗೇ, ಸರ್.”

“ರೆಕಾರ್ಡಿನಲ್ಲಿರೋದು ತಪ್ಪು. ಬೇಸ್ ನುಡಿಸ್ತಿದ್ದ ನನ್ನ ಗೆಳೆಯ ರೆಗ್ ಅವತ್ತು ಕಂಠಪೂರ್ತಿ ಕುಡಿದಿದ್ದ.”

ಇಷ್ಟು ವರ್ಷ ಒಬ್ಬ ಕುಡುಕನ ತಪ್ಪನ್ನು ಮಂತ್ರದಂತೆ ಉರುಹೊಡೆದಿದ್ದೆನಲ್ಲ ಎಂದು ವಲೇರಿಯನ್‌ಗೆ ನಾಚಿಕೆಯಾಯಿತು. ಹೇಳಿಸಿಕೊಳ್ಳುವ ಮೊದಲೇ ಹೋಗುವುದು ಮರ್ಯಾದೆ ಎಂದು ಪ್ಲಗ್ ಕಿತ್ತು, ಗಿಟಾರನ್ನು ಚೀಲಕ್ಕೆ ತುಂಬತೊಡಗಿದ.

“ಎಲ್ಲಿಗೆ ಹೊರಟೆ?” ಮುದುಕರ ದನಿ ಇಳಿದಿತ್ತು. “ರೆಗ್ ಹೋಗಿ ಮೂವತ್ತು ವರ್ಷ. ಆಮೇಲೆ ಬಂದವರೆಲ್ಲ ಅಲ್ಲಿ ಸರಿಯಾಗೇ ನುಡಿಸ್ತಾರೆ. ತಪ್ಪು ನುಡಿಸಿ ಅಂತ ಯಾರನ್ನ ಹೇಗೆ ಕೇಳಲಿ? ಚೀಲ ಕೆಳಗಿಡು. ರಾತ್ರಿಯೂ ಹಾಗೇ ಎಡವಿಕೊಂಡು ಬಾ.”

ವಲೇರಿಯನ್‌ಗೆ ಹೋದ ಜೀವ ಬಂದಂತಾಯಿತು. ಕೂತು ಅತ್ತುಬಿಡೋಣ ಎನ್ನಿಸಿತು. ಚೇತನ್ ಹಿಂದಿನಿಂದ, “ಬೇಗ ಪ್ಲಗ್ ಹಾಕೋ, ಮನಸ್ಸು ಬದಲಾಯಿಸಿಬಿಟ್ಟಾರು” ಎಂದು ಪಿಸುಗುಟ್ಟಿದ.

ಮತ್ತೆ ಶುರುವಾಯಿತು. ಆ ಜಾಗ ಬಂದಾಗ ಆರ್ಚೀ ಕಣ್ಣು ಮುಚ್ಚಿ ಕಾದರು. ವಲೇರಿಯನ್ ತಡವಾಗಿ, ಎಡವಿಕೊಂಡು ಬಂದ.

ಮುದುಕರು ಕಣ್ಣು ತೆರೆಯಲಿಲ್ಲ. “ಬಂದೆಯೇನೋ, ಕುಡುಕ” ಎಂದರು.