ಎಂಟನೆಯ ಸಾಮಾನು

ಕಾಟಯ್ಯನ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಎಪ್ಪತ್ಮೂರನೆಯ ಇಸವಿಯ ಬೇಸಿಗೆಯಲ್ಲಿ, ಹೊಸದುರ್ಗದ ಸಂತೆಯಿಂದ ಬಂದ ನಮ್ಮ ಯಜಮಾನರ ಬಾಯಿಂದ. ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಚಿತ್ರಲಿಂಗಪ್ಪನ ತಮ್ಮ ಮಿಲ್ಟ್ರಿ ಬಿಟ್ಟು ಬಂದವ್ನೆ ಕಣೆ. ಬಸ್ಸಿಳಿದೋನು ಗೋವಿಂದಯ್ಯನ ಹೋಟ್ಲಿಗೆ ಹೋಗಿ, ಟೀ ಬ್ಯಾಡ, ಟೀಪುಡಿ ಡಬ್ಬ ಕೊಡ್ರಿ ಅಂದ್ನಂತೆ." ಖಾಲಿ ಡಬ್ಬವನ್ನು ಮಡಕೆ ಕೊಳ್ಳುವ ಹೆಂಗಸರ ಹಾಗೆ ಬೆರಳಿನಿಂದ ಬಡಿದು, ಕಿವಿಗೆ ಹಿಡಿದು ನೋಡಿ, ತಗಡು ಚೆನ್ನಾಗೈತೆ ಎಂದು ಬಗಲಿಗಿಟ್ಟುಕೊಂಡು ಹಟ್ಟಿಯ ದಾರಿ ಹಿಡಿದನಂತೆ.

ಮರುದಿನ ಅವನು ನಮ್ಮ ಓಣಿಯಲ್ಲಿ ಬರುವುದನ್ನು ಕಂಡೆ. ನೇರ ದಾರಿಯಲ್ಲಿ ಎಲ್ಲರಂತೆಯೇ ನಡೆಯುತ್ತಿದ್ದವನು ತಿರುವು ಬಂದಾಗ ಮಾತ್ರ ಗಕ್ಕನೆ ನಿಂತು, ಒಂದು ಕಾಲನ್ನು ನೆಲಕ್ಕೆ ಊರಿ, ಇನ್ನೊಂದನ್ನು ಅದರ ಸುತ್ತ ಎಳೆದು, ಇಡೀ ಮೈಯನ್ನು ಒಟ್ಟಿಗೇ ತಿರುಗಿಸಿ ಮುಂದೆ ಸಾಗಿದ. ಯುದ್ಧದ ಟ್ಯಾಂಕು ತಿರುಗುವುದೂ ಹಾಗೆಯೇ ಎಂದು ಆಮೇಲೆ ತಿಳಿಯಿತು. ಹದಿನೈದು ವರ್ಷ ಅವುಗಳ ಹೊಟ್ಟೆಯ ಕೆಳಗೆ ಮಲಗಿ ರಿಪೇರಿ ಮಾಡಿದವನಿಗೆ, ಕುರಿ ಕಾಯುವವನಿಗೆ ಕುರಿಯ ವಾಸನೆ ಹತ್ತುವಂತೆ, ಅವುಗಳ ನಡಿಗೆಯೇ ಹತ್ತಿಬಿಟ್ಟಿತ್ತು.

ಮೈಮೇಲೆ ಸದಾ ಒಂದು ಖಾಕಿ ಕೋಟು. ಬಿಸಿಲಿಗೆ ಕಲ್ಲು ಸಿಡಿಯುವ ದಿನದಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ, ಯಾಕೆಂದರೆ ಅದು ಕೋಟಲ್ಲ, ಅವನ ಕಾರ್ಖಾನೆ. ಎಡಜೇಬಿನಲ್ಲಿ ಇಕ್ಕಳ ಮತ್ತು ತಗಡಿನ ಕತ್ತರಿ, ಬಲಜೇಬಿನಲ್ಲಿ ಅರ, ಸಣ್ಣ ಸುತ್ತಿಗೆ, ತಿರುಪುಳಿ, ಎದೆಯ ಮೇಲೆ ಕಡ್ಡಿಯಷ್ಟು ಸಪೂರದ ಕೈಬೈರಿಗೆ, ಒಳಜೇಬಿನಲ್ಲಿ ಕೆಂಡದಲ್ಲಿ ಕಾಯಿಸುವ ಬೆಸುಗೆಯ ಕಡ್ಡಿ. ಅವನು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು.

"ಏಳು ಸಾಮಾನು ಸಾಕು ಗಂಗಕ್ಕ," ಎನ್ನುತ್ತಿದ್ದ. "ಎಂಟನೇದು ಕೇಳಿದೋನು ಕೆಲ್ಸ ಬರದೋನು."

ಹಾಗೆ ಹೇಳಿದ ಬಾಯಿಂದಲೇ ನನ್ನ ಚಿಮಟವನ್ನು ಕೇಳುತ್ತಿದ್ದ. ಕುರಿಯ ಹಿಂದೆ ಜಾಲಿಮುಳ್ಳಿನಲ್ಲಿ ಓಡಾಡುವ ನಮ್ಮಂಥವರ ಸೊಂಟದಲ್ಲಿ ಮುಳ್ಳು ಕೀಳುವ ಚಿಮಟ ಇದ್ದೇ ಇರುತ್ತದೆ. ನನ್ನದು ತವರಿನಿಂದ ಬಂದದ್ದು, ತುದಿ ಕೂದಲನ್ನೂ ಬಿಡುತ್ತಿರಲಿಲ್ಲ. ಎಳೆಗಿಂತ ಸಣ್ಣ ತಂತಿಗಳನ್ನು ಹಿಡಿಯಲು ಅವನಿಗೆ ಅದೇ ಬೇಕು. ಹಾಗಾದರೆ ಎಂಟಾಯಿತಲ್ಲ ಎಂದರೆ, "ಇದು ಸಾಮಾನಲ್ಲ ಅಕ್ಕ, ಮುಳ್ಳು ಕೀಳೋದು," ಎಂದುಬಿಡುವನು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಾನು ಅದನ್ನು ನೆಲದ ಮೇಲಿಡುತ್ತಿದ್ದೆ. ಅವನು ಬಗ್ಗಿ ಎತ್ತಿಕೊಳ್ಳುತ್ತಿದ್ದ. ಕೋಟಿನೊಳಗಿನ ಏಳೂ ಒಟ್ಟಿಗೆ ಗಲಗಲ ಎನ್ನುತ್ತಿದ್ದವು.

ಇಷ್ಟೆಲ್ಲ ಯಾತಕ್ಕೆಂದರೆ, ಅವನ ಅಣ್ಣನ ಬಾಯಿ ಮುಚ್ಚಿಸುವುದಕ್ಕೆ. ಚಿತ್ರಲಿಂಗಪ್ಪ ಹಟ್ಟಿಗೆ ಹಿರಿಯ, ಮುನ್ನೂರು ಕುರಿಯ ಯಜಮಾನ, ಕಣ್ಣಿಗೆ ಕಾಣದ್ದನ್ನು ನಂಬುವವನಲ್ಲ. "ಇವ್ನು ಟ್ಯಾಂಕು ರಿಪೇರಿ ಮಾಡ್ದ ಅಂದ್ರೆ ಯಾರು ನಂಬ್ತಾರೆ? ಮಿಲ್ಟ್ರಿ ಅಡುಗೆಮನ್ಯಾಗೆ ಈರುಳ್ಳಿ ಸುಲಿತಿದ್ದ," ಎಂದು ಕಟ್ಟೆಯ ಮೇಲೆ ಒಂದು ಸಲ ಹೇಳಿದ್ದೇ ಸಾಕು, ಕಾಟಯ್ಯನ ಹದಿನೈದು ವರ್ಷ ಈರುಳ್ಳಿ ಸಿಪ್ಪೆಯಾಗಿ ಹಾರಿಹೋಯಿತು. ಅವನನ್ನು ಕಂಡರೆ ಹುಡುಗಿಯರೂ ಕಣ್ಣು ಉಜ್ಜಿಕೊಂಡು ಅಳುವಂತೆ ನಟಿಸುತ್ತಿದ್ದರು. ಕೊನೆಗೆ ಅವನೇ ಮಾತು ಕೊಟ್ಟ: ಬರುವ ವರ್ಷದ ಆಯುಧಪೂಜೆಯ ಸಂಜೆ, ಯಾರೂ ಮುಟ್ಟದೆ, ದಾರವಿಲ್ಲದೆ, ದೂರದಿಂದ ಗುಂಡಿ ಒತ್ತಿದರೆ ಹೋಗುವ ಟ್ಯಾಂಕೊಂದು ಹಟ್ಟಿಯ ದಿಬ್ಬ ಹತ್ತುತ್ತದೆ. ಹತ್ತದಿದ್ದರೆ ಮಿಲ್ಟ್ರಿಯ ಮಾತನ್ನೇ ಎತ್ತದೆ, ಕೋಟು ಬಿಚ್ಚಿ ಕಂಬಳಿ ಹೊದ್ದು ಅಣ್ಣನ ಕುರಿ ಹಿಂದೆ ಹೋಗುತ್ತೇನೆ.

ಟೀಪುಡಿಯ ಡಬ್ಬ ಟ್ಯಾಂಕಿನ ಮೈಯಾಯಿತು, ನಶ್ಯದ ಡಬ್ಬಿ ತಲೆಯಾಯಿತು, ನೂಲು ಮುಗಿದ ರೀಲುಗಳು ಗಾಲಿಯಾದವು, ನಮ್ಮ ಯಜಮಾನರ ಹಳೆಯ ಚಪ್ಪಲಿ ಸೀಳುಸೀಳಾಗಿ ಪಟ್ಟಿಯಾಯಿತು. ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೋಗಳ ಕರುಳು ತೆಗೆದು ಅರ್ಧವನ್ನು ಟ್ಯಾಂಕಿನೊಳಗೆ, ಅರ್ಧವನ್ನು ಕೈಯಲ್ಲಿ ಹಿಡಿಯುವ ಪೆಟ್ಟಿಗೆಯೊಳಗೆ ಇಟ್ಟ. ಅವನು ಗುಂಡಿ ಒತ್ತಿದಾಗಲೆಲ್ಲ ಪಕ್ಕದ ಮನೆಯ ರೇಡಿಯೋದಲ್ಲಿ ಕೃಷಿವಾರ್ತೆ ಹೇಳುವವರು ಗಂಟಲು ಹಿಡಿದವರಂತೆ ಗೊರಗೊರ ಎನ್ನುತ್ತಿದ್ದರು. ಒಮ್ಮೆ ಒತ್ತಿದರೆ ಮುಂದೆ, ಮತ್ತೊಮ್ಮೆ ಒತ್ತಿದರೆ ಎಡಕ್ಕೆ. ಬಲಕ್ಕೆ ಹೋಗುವ ವಿದ್ಯೆ ಅದಕ್ಕೆ ಬರಲೇ ಇಲ್ಲ. ಬಲಕ್ಕೆ ಹೋಗಬೇಕಾದರೆ ಎಡಕ್ಕೇ ತಿರುಗಿ ತಿರುಗಿ ಬಂದು ಸೇರಬೇಕು. ಯಾರಾದರೂ ಅದನ್ನು ಆಟದ ಸಾಮಾನು ಎಂದರೆ ಮಾತ್ರ ಅವನಿಗೆ ಮೈಯೆಲ್ಲ ಉರಿ. "ಆಟದ್ದಲ್ಲ, ಆಯುಧ," ಎಂದು ತಿದ್ದುತ್ತಿದ್ದ.

ಆಯುಧಪೂಜೆ ಬಂತು. ಪೂಜೆಗಿಟ್ಟ ಕಬ್ಬಿಣವನ್ನು ಮರುದಿನ ಬೆಳಗಿನವರೆಗೆ ಮುಟ್ಟಬಾರದೆಂಬುದು ನಮ್ಮಲ್ಲಿ ಕಟ್ಟು. ಮಿಲ್ಟ್ರಿಯಲ್ಲೂ ಈ ಕಟ್ಟು ಬಿಡದ ಕಾಟಯ್ಯ ಬೆಳಿಗ್ಗೆಯೇ ಮಿಂದು, ಏಳೂ ಸಾಮಾನಿಗೆ ಕುಂಕುಮವಿಟ್ಟು, ಕುರಿಯ ಉಣ್ಣೆ ಕತ್ತರಿಗಳ ಪಕ್ಕ ಸಾಲಾಗಿಟ್ಟು ಕೈಮುಗಿದ. ಹೆಂಡತಿ ಜಯಕ್ಕ ಟ್ಯಾಂಕನ್ನೂ ತಂದಿಟ್ಟಳು.

"ಏ, ಅದನ್ನ ತೆಗಿಯೇ," ಎಂದ ಕಾಟಯ್ಯ. "ಸಂಜಿಗೆ ಓಡಬೇಕು."

"ಆಯುಧ ಅಂತಿದ್ರಲ್ಲ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ನಾನಿದ್ದೆ. "ಇವತ್ತೊಂದಿನ ಆಟದ ಸಾಮಾನು," ಎಂದ, ಮೆಲ್ಲಗೆ.

ಸಂಜೆ ದಿಬ್ಬದ ಬುಡದಲ್ಲಿ ಹಟ್ಟಿಯೇ ನೆರೆಯಿತು. ಹೊಸದುರ್ಗದಿಂದ ಗೋವಿಂದಯ್ಯನೂ ತನ್ನ ಡಬ್ಬದ ಗತಿ ನೋಡಲು ಬಂದಿದ್ದ. ಕಾಟಯ್ಯ ಗುಂಡಿ ಒತ್ತಿದ. ಟ್ಯಾಂಕು ಅಲುಗಲಿಲ್ಲ. ಮತ್ತೆ ಒತ್ತಿದ. ಮುಚ್ಚಳ ತೆಗೆದು ನೋಡಿದರೆ ಒಳಗೆ ಮೋಟರಿನ ತಂತಿ ಬೆಸುಗೆ ಬಿಟ್ಟು ನಿಂತಿತ್ತು. ಅರೆಗಳಿಗೆಯ ಕೆಲಸ, ಆದರೆ ಬೆಸುಗೆಯ ಕಡ್ಡಿ ಕುಂಕುಮದ ಕೆಳಗೆ. ಅಭ್ಯಾಸಬಲದಿಂದ ಅವನ ಕೈ ಕೋಟಿನ ಒಂದೊಂದೇ ಜೇಬಿಗೆ ಹೋಗಿ ಬರಿದಾಗಿ ಬಂತು. ಅವತ್ತು ಆ ಕೋಟು ಸದ್ದು ಮಾಡದ್ದನ್ನು ನಾನು ಆಗ ಗಮನಿಸಿದೆ.

"ಕಂಬಳಿ ತರಿಸ್ಲೇನಪ್ಪ?" ಎಂದ ಚಿತ್ರಲಿಂಗಪ್ಪ.

ಕಾಟಯ್ಯ ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದ. ಚಿಮಟ ಅಲ್ಲೇ ನೇತಾಡುತ್ತಿತ್ತು. ಮೈಯ ಮೇಲಿನದಕ್ಕೆ ಕುಂಕುಮ ಇಡುವುದು ನನಗೆ ಹೊಳೆದಿರಲೇ ಇಲ್ಲ.

"ಅದೂ ಕಬ್ಣಾನೇ," ಎಂದ ಚಿತ್ರಲಿಂಗಪ್ಪ.

"ಅದು ಸಾಮಾನಲ್ಲ ಮಾವ," ಎಂದೆ ನಾನು. "ಮುಳ್ಳು ಕೀಳೋದು."

ನೆಲದ ಮೇಲಿಟ್ಟೆ. ಅವನು ಎತ್ತಿಕೊಂಡು ಅದರ ತುದಿಯನ್ನು ಜಯಕ್ಕ ಪೂಜೆಗೆಂದು ತಂದಿದ್ದ ಸಾಂಬ್ರಾಣಿಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಹಳೆಯ ಬೆಸುಗೆಗೆ ಮುಟ್ಟಿಸಿ ಕರಗಿಸಿ, ತಂತಿಯನ್ನು ಅದರೊಳಗೆ ಅದ್ದಿ ಉಸಿರು ಹಿಡಿದು ನಿಂತ. ಆಮೇಲೆ ಗುಂಡಿ ಒತ್ತಿದ. ಡಬ್ಬ ಗಡಗಡನೆ ನಡುಗಿ ದಿಬ್ಬ ಹತ್ತತೊಡಗಿತು.

ಮೇಯಲು ಹೋಗಿದ್ದ ಕುರಿಗಳು ಅದೇ ಹೊತ್ತಿಗೆ ಹಟ್ಟಿಗೆ ಬರುತ್ತಿದ್ದವು. ಮುಂದಿದ್ದ ಚಿತ್ರಲಿಂಗಪ್ಪನ ಟಗರು ತನ್ನ ದಾರಿಯಲ್ಲಿ ಗುರುಗುಟ್ಟುತ್ತ ಬರುವ ಈ ಪ್ರಾಣಿಯನ್ನು ಕಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಗುದ್ದಿತು. ನಶ್ಯದ ಡಬ್ಬಿ ಹಾರಿ ಗೋವಿಂದಯ್ಯನ ಕಾಲಿಗೆ ಬಿತ್ತು. ಮುಂಡ ಮಾತ್ರ ಒಂದು ಸಲ ಎಡಕ್ಕೆ ತಿರುಗಿ, ಇನ್ನೊಂದು ಸಲ ತಿರುಗಿ, ಸುತ್ತಿ ಬಂದು ಅದೇ ದಾರಿ ಹಿಡಿದು, ತಲೆಯಿಲ್ಲದೆಯೇ ದಿಬ್ಬದ ನೆತ್ತಿ ಮುಟ್ಟಿತು. ಟಗರು ನೋಡುತ್ತ ನಿಂತಿತು, ಅದರ ಯಜಮಾನನೂ ನಿಂತ.

"ಈರುಳ್ಳಿ ಸುಲಿಯೋನಿಗೆ ಇಷ್ಟು ಬರಂಗಿಲ್ಲ ಬಿಡು," ಎಂದು ಚಿತ್ರಲಿಂಗಪ್ಪ ಕೊನೆಗೆ ಹೇಳಿದ. ಕಾಟಯ್ಯ ಗಕ್ಕನೆ ತಿರುಗಿ ನಿಂತು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಆ ಸಲ ಯಾರೂ ಅಣಕಿಸಲಿಲ್ಲ.

ಇಂಥ ಜನ ಕೆಲವರಿರುತ್ತಾರೆ. ತಮಗೆ ಏನೇನು ಬೇಕೆಂಬುದನ್ನು ಬೆರಳ ಮೇಲೆ ಎಣಿಸಿ, ಇಷ್ಟೇ ಸಾಕೆಂದು ಜಂಬದಿಂದ ಬದುಕುತ್ತಾರೆ. ಎಣಿಕೆಗೆ ಸೇರಿಸದ ಒಂದರಿಂದ ಅವರ ಕೆಲಸ ನಡೆಯುತ್ತಿರುತ್ತದೆ, ಅದು ಅವರಿಗೂ ಗೊತ್ತಿರುತ್ತದೆ. ಒಪ್ಪಿಕೊಳ್ಳುವುದು ಮಾತ್ರ ಊರು ಬಿಡುವ ದಿನ.

ಎಪ್ಪತ್ತೆಂಟರಲ್ಲಿ ಅವನು ಹಿರಿಯೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಲು ಹೊರಟ. ಜಯಕ್ಕ ಗಂಟುಮೂಟೆಯೊಂದಿಗೆ ಬಸ್ಸು ಹತ್ತಿ ಕೂತಿದ್ದಳು. ಇವನು ಮಾತ್ರ ಮೆಟ್ಟಿಲಿನಿಂದ ಇಳಿದು ನನ್ನ ಹತ್ತಿರ ಬಂದ.

"ಎಂಟು ಬೇಕು ಗಂಗಕ್ಕ," ಎಂದ.

ನಾನು ಸೊಂಟದಿಂದ ಚಿಮಟ ಬಿಚ್ಚಿದೆ. ಅದರ ತುದಿ ಆ ಸಂಜೆಯ ಕೆಂಡಕ್ಕೆ ಕಪ್ಪಾದದ್ದು ಹಾಗೇ ಇತ್ತು. ನೆಲದ ಮೇಲಿಡಲು ಬಗ್ಗಿದೆ. ಅವನು ಅಂಗೈ ಚಾಚಿದ.

"ಕೆಳಗಿಡಬ್ಯಾಡಕ್ಕ. ಕೈಯಾಗೇ ಕೊಡು. ಜಗಳ ಆಡಾಕಾದ್ರೂ ಒಂದ್ಸಲ ಬಂದು ಹೋಗ್ತೀನಿ."