ಶೀಬಾ ಹೇಳಿದ ಪ್ರಾರ್ಥನೆ ವಿಷಯ

ಚರ್ಚಿನ ಆರಾಧನೆಯಲ್ಲಿ ಮಕ್ಕಳ ಕಥೆಪುಸ್ತಕ ಓದುವ ಪದ್ಧತಿಯನ್ನು ನಮ್ಮ ಪಾದ್ರಿ ಅಯ್ಯನವರು ತಂದರು ಎಂದು ತುಮಕೂರಿನಿಂದ ಕುಣಿಗಲ್‌ವರೆಗೆ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಪುಸ್ತಕ ಹುಡುಕಿದವಳು ನಾನು, ಓದಿದವಳು ನಾನು, ಕೊನೆಗೆ ಅದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದವಳೂ ನಾನೇ. ಹೆಸರು ಅವರಿಗಿರಲಿ, ಪಾಪ ನನ್ನ ಪಾಲಿಗೆ ಇದ್ದೇ ಇದೆ.

ನನ್ನ ಹೆಸರು ಜ್ಞಾನಮಣಿ. ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಮದುವೆ ಆಗಲಿಲ್ಲ, ಅದರ ಬಗ್ಗೆ ಯಾರೂ ಮರುಗಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಸಂಡೆ ಸ್ಕೂಲ್ ನಡೆಸಿದೆ. ೧೯೯೮ರ ಆರಂಭದಲ್ಲಿ ಹೊಸ ಅಯ್ಯನವರು ಬಂದರು. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ನಿಲುವಂಗಿ, ಮಾತೆಲ್ಲ ಜೇನು. ಬಂದ ಮೂರನೇ ವಾರಕ್ಕೆ ನನ್ನನ್ನು ಕರೆದು, "ಸಿಸ್ಟರ್, ನಾನು ಪ್ರಸಂಗ ಶುರು ಮಾಡಿದ ತಕ್ಷಣ ಮಕ್ಳೆಲ್ಲ ನಿದ್ದೆ ಹೋಗ್ತವೆ. ಬೈಬಲ್ ಕಥೆ ಹೇಳೋಣ ಅಂದ್ರೆ ಅವಕ್ಕೆ ಎಲ್ಲಾ ಬಾಯಿಪಾಠ. ಏನ್ ಮಾಡೋದು?" ಎಂದರು.

"ಬೇರೆ ಕಥೆ ಓದೋಣ ಅಯ್ನೋರೇ. ಬಣ್ಣದ ಚಿತ್ರ ಇರೋ ಪುಸ್ತಕ. ಪ್ರಸಂಗಕ್ಕೆ ಮುಂಚೆ ಹತ್ತು ನಿಮಿಷ ಕೊಡಿ ಸಾಕು," ಎಂದೆ.

ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ನಯಾಜ್ ಅಹಮದ್ ಅವರ ಹಳೇ ಪುಸ್ತಕದ ಅಂಗಡಿ ಇತ್ತು. ಅಲ್ಲಿ ನೆಲದ ಮೇಲೆ ಕೂತು ಧೂಳು ಕುಡಿಯುತ್ತಾ ನಾನು ಮಕ್ಕಳ ಪುಸ್ತಕ ಆರಿಸುವುದನ್ನು ನೋಡಿ ಅವರಿಗೆ ನಗು.

"ಏನ್ ಟೀಚರಮ್ಮ, ನಿಮ್ ದೇವ್ರಿಗೂ ನರಿ-ಕೋಳಿ ಕಥೆ ಬೇಕಾಯ್ತಾ?"

"ದೇವ್ರಿಗಲ್ಲ ಸಾಬ್ರೇ, ದೇವ್ರ ಮುಂದೆ ತೂಕಡಿಸೋರಿಗೆ."

ಪುಸ್ತಕವನ್ನು ಎದೆಗೆ ಆನಿಸಿ ಹಿಡಿದು, ಕೊನೇ ಬೆಂಚಿನವರಿಗೂ ಚಿತ್ರ ಕಾಣುವ ಹಾಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಓದುತ್ತಿದ್ದೆ. ಮಕ್ಕಳು ಎದ್ದು ಕೂತರು. ದೊಡ್ಡವರೂ ಎದ್ದು ಕೂತರು, ಆದರೆ ಒಪ್ಪಿಕೊಳ್ಳಲಿಲ್ಲ. ಕಮಿಟಿಯ ಹಿರಿಯರಾದ ಎಬಿನೇಜರ್ ಅವರಂತೂ ಪ್ರಸಂಗಪೀಠದ ಪಕ್ಕದಲ್ಲಿ ಪುಸ್ತಕದ ನರಿ ಚಿತ್ರ ನೋಡಿ ಮುಖ ಸಿಂಡರಿಸಿಕೊಂಡು, "ಇದೇನ್ ಚರ್ಚಾ, ಬಾಲವಾಡೀನಾ?" ಎಂದು ಕೇಳಿಯೇ ಬಿಟ್ಟರು. ಯಾವಾಗ ಇದನ್ನು ನಿಲ್ಲಿಸಲಿ ಎಂದು ಅವರು ನೆಪ ಹುಡುಕುತ್ತಿದ್ದರು. ನನಗೆ ಅದು ಗೊತ್ತಿತ್ತು.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಪ್ರಸಂಗ ಮುಗಿದ ಮೇಲೆ "ಪ್ರಾರ್ಥನೆ ವಿಷಯ ಇದ್ರೆ ಹೇಳಿ" ಎಂದು ಕೇಳುತ್ತಾರೆ. ಒಬ್ಬೊಬ್ಬರೇ ಎದ್ದು ನಿಂತು ಗಂಡನ ಶುಗರ್, ಮಗನ ಟ್ರಾನ್ಸ್‌ಫರ್, ಮಗಳ ಸಂಬಂಧ ಎಂದೆಲ್ಲ ಹೇಳುತ್ತಾರೆ. ಸೆಕ್ರೆಟರಿ ಅದನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಅಯ್ಯನವರು ಆ ಪಟ್ಟಿ ನೋಡಿಕೊಂಡು ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಾರೆ, ಸಭೆ ಆಮೆನ್ ಎನ್ನುತ್ತದೆ. ಇದರಲ್ಲಿ ಮಕ್ಕಳನ್ನೂ ಸೇರಿಸಿದವಳು ನಾನು. ಕಥೆ ಮುಗಿದ ಕೂಡಲೇ ಮಕ್ಕಳು ತಮ್ಮ ವಿಷಯ ಹೇಳಬೇಕು. ಒಬ್ಬನಿಗೆ ಮಗ್ಗಿ ಬರಬೇಕು, ಇನ್ನೊಬ್ಬಳಿಗೆ ಕಳೆದುಹೋದ ನಾಯಿಮರಿ ಸಿಗಬೇಕು. ದೊಡ್ಡವರು ನಗುತ್ತಿದ್ದರು, ನಾನು ಹೆಮ್ಮೆಯಿಂದ ಉಬ್ಬಿಹೋಗುತ್ತಿದ್ದೆ.

ಅದೇ ವರ್ಷ ಜೂನ್ ತಿಂಗಳ ಒಂದು ಭಾನುವಾರ ಆಮೆಮರಿಯ ಪುಸ್ತಕ ಓದಿದೆ. ಆಮೆಮರಿಗೆ ಗುಡುಗು ಅಂದರೆ ಭಯ. ಚಿಪ್ಪಿನಿಂದ ತಲೆಯನ್ನೇ ಹೊರಗೆ ಹಾಕುವುದಿಲ್ಲ. ಕೊನೆಗೆ ಕೆರೆಯ ಕಪ್ಪೆಗೆ ತನ್ನ ಭಯ ಹೇಳಿಕೊಳ್ಳುತ್ತದೆ, ಎಲ್ಲ ಪ್ರಾಣಿಗಳೂ ಬಂದು ಅದರ ಸುತ್ತ ಕೂರುತ್ತವೆ. ಅಷ್ಟೇ ಕಥೆ. ಪುಸ್ತಕ ಮುಚ್ಚಿ ನಾನು, "ಮಕ್ಳೇ, ದೇವ್ರ ಮನೇಲಿ ಏನನ್ನೂ ಮುಚ್ಚಿಡ್ಬೇಡಿ. ಭಯ ಇದ್ರೆ ಬಾಯಿಬಿಟ್ಟು ಹೇಳಿ. ಕೇಳೋಕೆ ನಾವಿದೀವಿ," ಎಂದೆ.

ಶೀಬಾ ಎದ್ದು ನಿಂತಳು. ಒಂಬತ್ತು ವರ್ಷ, ಎರಡು ಜಡೆ, ಸೆಕ್ರೆಟರಿ ಜಯಶೀಲರ ಒಬ್ಬಳೇ ಮಗಳು. ಅಪ್ಪ ಹಾಡಿಗೆ ನಿಂತರೆ ಗೋಡೆಯೂ ಕರಗಬೇಕು, ಅಂಥ ಕಂಠ. ಆವತ್ತು ಪ್ರಾರ್ಥನೆಯ ನೋಟ್‌ಬುಕ್ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂತಿದ್ದವರೂ ಅವರೇ.

"ನಮ್ಮಪ್ಪ ನಮ್ಮಮ್ಮಂಗೂ ನಂಗೂ ಬೆಲ್ಟಲ್ಲಿ ಹೊಡೀದೇ ಇರೋ ಹಂಗೆ ಪ್ರಾರ್ಥನೆ ಮಾಡಿ," ಎಂದಳು ಶೀಬಾ. ಹೇಳಿ ಕೂತಳು.

ಅವಳ ತಾಯಿ ಲಿಲ್ಲಿ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಜಯಶೀಲ ಮಾತ್ರ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದರು. ಪ್ರಸಂಗದ ನಂತರ ಅಯ್ಯನವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಜಯಶೀಲ ಬರೆದದ್ದನ್ನು ಬರೆದ ಹಾಗೆ ಓದಿದರು: "ಶೀಬಾ. ಒಳ್ಳೆ ಬುದ್ಧಿ ಬರಲಿ ಎಂದು." ಸಭೆ ಆಮೆನ್ ಎಂದಿತು. ನನ್ನ ಬಾಯಿಂದಲೂ ಬಂತು.

ಮಂಗಳವಾರ ಕಮಿಟಿ ಸೇರಿತು. ನನ್ನನ್ನೂ ಕರೆಸಿದರು. ಜಯಶೀಲ ನಗುನಗುತ್ತಲೇ, "ಮಗು ಕಣ್ರೀ. ಕಥೆ ತಲೆಗೆ ಹತ್ಕೊಂಡಿದೆ," ಎಂದರು. ಎಬಿನೇಜರ್ ನನ್ನ ಕಡೆ ತಿರುಗಿದರು.

"ನೋಡಿ ಟೀಚರ್, ಆ ಹುಡ್ಗಿ ಹೇಳಿದ್ದು ನಿಜ ಅಂತಾದ್ರೆ ಒಂದ್ ಸಂಸಾರದ ಮಾನ ಹೋಯ್ತು, ಅದಕ್ಕೆ ಕಾರಣ ನಿಮ್ ಪುಸ್ತಕ. ಇವತ್ತಿಗೇ ನಿಲ್ಸಿಬಿಡಿ. ಕಥೆ ಕೇಳಿ ಏನೋ ಒದರ್ತು ಅಂತಾದ್ರೆ ಬೇರೆ ಮಾತು. ನೀವೇ ಹೇಳಿ, ನಿಮ್ಗಿಂತ ಚೆನ್ನಾಗಿ ಮಕ್ಳನ್ನ ಬಲ್ಲೋರು ಯಾರಿದಾರೆ?"

ಪುಸ್ತಕದಲ್ಲಿ ಅಪ್ಪ ಆಮೆಯೇ ಇರಲಿಲ್ಲ. ಬೆಲ್ಟೂ ಇರಲಿಲ್ಲ. ಹಿಂದಿನ ಕ್ರಿಸ್‌ಮಸ್ಸಿಗೆ ಶೀಬಾಳಿಗೆ ದೇವದೂತೆಯ ಬಟ್ಟೆ ತೊಡಿಸುವಾಗ ಬೆನ್ನ ಮೇಲಿನ ಬಾಸುಂಡೆಗಳನ್ನು ನಾನೇ ನೋಡಿದ್ದೆ. ಬಿದ್ದೆ ಮಿಸ್ ಎಂದಿದ್ದಳು, ನಾನು ನಂಬಿದವಳಂತೆ ಗುಂಡಿ ಹಾಕಿದ್ದೆ. ಇದೆಲ್ಲ ಆ ಕ್ಷಣದಲ್ಲಿ ನೆನಪಿಗೆ ಬಾರದೇ ಇರಲಿಲ್ಲ. ಆದರೆ ಅದರ ಜೊತೆಗೆ ನನ್ನ ಬೀರುವಿನಲ್ಲಿದ್ದ ನಲವತ್ತು ಪುಸ್ತಕಗಳೂ ನೆನಪಾದವು. ಒಂದು ಮಗುವಿಗಾಗಿ ಐವತ್ತು ಮಕ್ಕಳ ಸಂತೋಷ ಹಾಳಾಗಬೇಕೇ ಎಂದು ನನಗೆ ನಾನೇ ಕೇಳಿಕೊಂಡೆ. ಎಷ್ಟು ಚೆಂದದ ಪ್ರಶ್ನೆ! ಹೇಡಿಗಳಿಗೆ ಇಂಥ ಪ್ರಶ್ನೆಗಳಿಗೆ ಬರವೇ ಇರುವುದಿಲ್ಲ.

"ಮಕ್ಳು ಹಂಗೇ ಸಾರ್. ಕಥೇನ ತಮ್ ಮನೇದು ಅನ್ಕೊಂಡ್ಬಿಡ್ತವೆ," ಎಂದೆ.

ಎಲ್ಲರ ಮುಖದಲ್ಲೂ ಕಳೆ ಬಂತು. ಕಾಫಿ ಬಂತು. ಮಕ್ಕಳು ಮನೆಯ ಸಂಗತಿ ಎತ್ತಬಾರದು, ಪುಸ್ತಕ ಓದುವುದು ಮುಂದುವರಿಯಲಿ ಎಂದು ತೀರ್ಮಾನವಾಯಿತು. ಜಯಶೀಲ ಕೈ ಮುಗಿದು, "ದೊಡ್ ಉಪಕಾರ ಆಯ್ತು ಟೀಚರ್," ಎಂದರು. ಆ ಕೈಗಳನ್ನು ನೋಡಿಯೂ ನಾನು ಕಾಫಿ ಕುಡಿದೆ.

ಮುಂದಿನ ತಿಂಗಳಿಂದ ಲಿಲ್ಲಿಯೂ ಶೀಬಾಳೂ ಚರ್ಚಿಗೆ ಬರಲಿಲ್ಲ. ಲಿಲ್ಲಿಯ ತಾಯಿಗೆ ಹುಷಾರಿಲ್ಲ, ಇಬ್ಬರೂ ಕುಣಿಗಲ್‌ಗೆ ಹೋಗಿದ್ದಾರೆ ಎಂದು ಜಯಶೀಲ ಎಲ್ಲರಿಗೂ ಹೇಳುತ್ತಿದ್ದರು. ನಾನು ಕೆದಕಲು ಹೋಗಲಿಲ್ಲ.

ನಮ್ಮ ಪದ್ಧತಿಗೆ ಹೆಸರು ಬಂತು. ಬೇರೆ ಸಭೆಯ ಟೀಚರುಗಳಿಗೆ ತರಬೇತಿ ಕೊಡಿ ಎಂದು ಕರೆ ಬಂತು. ಮೊದಲು ಗುಬ್ಬಿಗೆ ಹೋದೆವು. ಅಯ್ಯನವರು ಭಾಷಣ ಮಾಡುವುದು, ನಾನು ಪುಸ್ತಕ ಹಿಡಿದು ತೋರಿಸುವುದು. ಅಲ್ಲಿ ಅವರು ಇದ್ದಕ್ಕಿದ್ದಂತೆ, "ಕಥೆಗೆ ಎಷ್ಟು ಶಕ್ತಿ ಇದೆ ಗೊತ್ತಾ? ನಮ್ಮಲ್ಲೊಂದು ಹುಡುಗಿ ಆಮೆ ಕಥೆ ಕೇಳಿ, ಎದ್ದು ನಿಂತು, ನಮ್ಮಪ್ಪ ಬೆಲ್ಟಲ್ಲಿ ಹೊಡೀತಾನೆ ಅಂದ್ಬಿಡ್ತು! ಪಾಪ, ಅವರಪ್ಪ ಅಲ್ಲೇ ಕೂತಿದಾರೆ!" ಎಂದರು. ಜನ ಬಿದ್ದು ಬಿದ್ದು ನಕ್ಕರು. ನಾನು ಪುಸ್ತಕವನ್ನು ಇನ್ನೊಂಚೂರು ಮೇಲಕ್ಕೆ ಹಿಡಿದು ಮುಖ ಮರೆಸಿಕೊಂಡೆ. ಆಮೇಲೆ ಹೋದಲ್ಲೆಲ್ಲ ಅದೇ ಮಾತು, ಅದೇ ನಗು.

೨೦೦೦ದ ಆಗಸ್ಟಿನಲ್ಲಿ ಕುಣಿಗಲ್‌ಗೆ ಹೋದೆವು. ನಲವತ್ತು ಜನ ಟೀಚರುಗಳು, ಎದುರಿಗೆ ನೋಟ್‌ಬುಕ್ಕುಗಳು. ಅಯ್ಯನವರು ಎಂದಿನಂತೆ ಆ ಹುಡುಗಿಯ ಸಂಗತಿ ಹೇಳಿದರು, ಎಂದಿನಂತೆ ನಗು ಎದ್ದಿತು. ಟೀ ಬಿಡುವಿನಲ್ಲಿ ಲೋಟಗಳ ತಟ್ಟೆ ಹಿಡಿದು ಬಂದವಳನ್ನು ನೋಡಿದರೆ ಲಿಲ್ಲಿ. ಸಣ್ಣಗಾಗಿದ್ದಳು. ತವರಿನ ಸಭೆಯಲ್ಲಿ ಅಡಿಗೆಗೆ ನಿಂತಿದ್ದಳು.

"ಒಳಗೆ ನಗ್ತಿದ್ರಲ್ಲ, ಕೇಳುಸ್ತು," ಎಂದಳು.

"ಲಿಲ್ಲಿ..." ಎಂದೆ.

"ಹತ್ ವರ್ಷ ನಾನು ಬಾಯಿ ಬಿಟ್ಟಿರ್ಲಿಲ್ಲ ಟೀಚರ್. ನನ್ ಮಗು ಬಿಡ್ತು, ನೀವು ಹೇಳಿ ಅಂದ್ರಿ ಅಂತ. ಕಮಿಟಿ ಮುಗುಸ್ಕೊಂಡ್ ಬಂದೋನೇ, ಟೀಚರೇ ನಿನ್ನ ಸುಳ್ಳಿ ಅಂದವ್ರೆ ಅಂತ ಮಗು ಕಪಾಳಕ್ಕೆ ಹೊಡ್ದ. ಎಡಗಿವಿ ಹೋಯ್ತು. ಬಲಗಿವೀನೂ ಅಷ್ಟಕ್ಕಷ್ಟೇ, ಹತ್ರ ಬಂದು ಹೇಳಿದ್ರೆ ತಿಳೀತದೆ." ಗೋಡೆ ಬದಿಯ ಕೊನೇ ಬೆಂಚಿನ ಕಡೆ ಗಲ್ಲ ತೋರಿಸಿದಳು. ಹನ್ನೊಂದರ ಶೀಬಾ ಅಲ್ಲಿ ಇಬ್ಬರು ಹೆಂಗಸರ ನಡುವೆ ಕೂತಿದ್ದಳು. "ಟೀ ತಗೊಳಿ, ಆರೋಗ್ತದೆ," ಎಂದು ಹೇಳಿ ಲಿಲ್ಲಿ ಮುಂದಕ್ಕೆ ಹೋದಳು.

ಟೀ ಲೋಟವನ್ನು ಹಾಗೇ ಕೆಳಗಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಿಡುವು ಮುಗಿದ ಮೇಲೆ ಚಿತ್ರ ತೋರಿಸಲು ನನ್ನನ್ನು ಕರೆದರು. ನಾನು ಪುಸ್ತಕ ತೆಗೆಯಲಿಲ್ಲ.

"ಅಯ್ನೋರು ಬೆಳಿಗ್ಗೆ ಹೇಳಿದ್ರಲ್ಲ, ಆ ಹುಡುಗಿ ಹೇಳಿದ್ದು ನಿಜ," ಎಂದೆ. "ಅವಳ ಮೈಮೇಲಿನ ಬಾಸುಂಡೆ ನಾನು ನೋಡಿದ್ದೆ. ಪುಸ್ತಕ ನಿಲ್ಲಿಸ್ತಾರೆ ಅಂತ ಹೆದರಿ ಕಮಿಟಿ ಮುಂದೆ ಸುಳ್ಳು ಹೇಳ್ದೆ. ಆ ಮಗು ಕಿವಿ ಕಳ್ಕೊಂಡಿದ್ದು ನನ್ನಿಂದ. ಇನ್ಮೇಲೆ ದಯವಿಟ್ಟು ಯಾರೂ ನಗಬೇಡಿ."

ಯಾರಾದರೂ ಎದ್ದು ಉಗಿಯಲಿ, ಕನಿಷ್ಠ ಆ ಮಗು ಎಲ್ಲಿದೆ ಎಂದಾದರೂ ಕೇಳಲಿ ಎಂದು ಕಾದೆ. ಅಯ್ಯನವರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಎಂಥಾ ಸಾಕ್ಷಿ! ನೋಡಿದ್ರಾ, ಒಂದು ಸಣ್ಣ ಕಥೆಪುಸ್ತಕ ಓದೋರ ಹೃದಯಾನೂ ಹೇಗೆ ಮುರೀತು! ಬರ್ಕೊಳ್ಳಿ, ಇದು ನಾಲ್ಕನೇ ಪಾಯಿಂಟ್. ದೇವರಿಗೆ ಸ್ತೋತ್ರ!"

"ಸ್ತೋತ್ರ," ಎಂದರು ನಲವತ್ತು ಜನ. ಬರೆದುಕೊಂಡರು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅದು ಹಿಂದಿನವರೆಗೂ ಹಬ್ಬಿತು. ಕೊನೇ ಬೆಂಚಿನ ಶೀಬಾಳಿಗೆ ನಾನು ಹೇಳಿದ ಒಂದು ಮಾತೂ ತಲುಪಿರಲಿಲ್ಲ. ಅವಳು ಪಕ್ಕದ ಹೆಂಗಸಿನ ಕೈಗಳನ್ನು ನೋಡಿ ತಾನೂ ಚಪ್ಪಾಳೆ ತಟ್ಟಿದಳು, ಆ ಹೆಂಗಸು ನಿಲ್ಲಿಸಿದ ಮೇಲೆ ತಾನೂ ನಿಲ್ಲಿಸಿದಳು.